ಭೂತಾನಿನ ಐಷಾರಾಮಿ ಪ್ರವಾಸೋದ್ಯಮ

ಪೂರ್ವ ಹಿಮಾಲಯದ ಬೌದ್ಧ ರಾಜ್ಯವಾದ ಭೂತಾನ್ 1974ರಿಂದ ವಿದೇಶಿ ಪ್ರವಾಸಿಗರನ್ನು ಬರಮಾಡಿಕೊಳ್ಳುತ್ತಿದೆ. ಮೊದಲ ವರ್ಷದಿಂದಲೂ ಪ್ರವಾಸಕ್ಕೆ ಸರ್ಕಾರವೇ ದರ ಕಟ್ಟಿದೆ. ಬಹುತೇಕ ದೇಶಗಳಲ್ಲಿ ಐಷಾರಾಮಿ ಪ್ರವಾಸವೆಂದರೆ ಹೋಟೆಲು ಮಾಲೀಕರ ವ್ಯವಹಾರ. ಭೂತಾನಿನಲ್ಲಿ ಅದು ರಾಜ್ಯನೀತಿ. ಹೆಸರಾಂತ ಹೋಟೆಲುಗಳು ಬರುವುದಕ್ಕೆ ಮೂವತ್ತು ವರ್ಷ ಮೊದಲೇ, ಸಾಧಾರಣ ಹಾಸಿಗೆ ಮತ್ತು ಮೇಣದಬತ್ತಿಯ ಬೆಳಕಿನ ಕಾಲದಲ್ಲೇ, ಇಲ್ಲಿಗೆ ಬರುವುದು ದುಬಾರಿಯಾಗಿತ್ತು.

ಉತ್ತರಕ್ಕೆ ಟಿಬೆಟ್, ಉಳಿದ ಮೂರು ದಿಕ್ಕಿಗೆ ಭಾರತದ ಸಿಕ್ಕಿಂ, ಪಶ್ಚಿಮ ಬಂಗಾಳ, ಅಸ್ಸಾಂ, ಅರುಣಾಚಲ ಪ್ರದೇಶಗಳಿಂದ ಸುತ್ತುವರಿದ ಈ ದೇಶದ ವಿಸ್ತೀರ್ಣ 38,394 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಕೇರಳದಷ್ಟು. ಜನಸಂಖ್ಯೆ ಮಾತ್ರ ಎಂಟು ಲಕ್ಷದೊಳಗೆ. ದಕ್ಷಿಣದಲ್ಲಿ ಬಯಲಿಗೆ ತಾಗಿದ ಬಿಸಿ ಕಾಡು, ಉತ್ತರದಲ್ಲಿ ಏಳು ಸಾವಿರ ಮೀಟರ್ ಮೀರಿದ ಹಿಮಶಿಖರಗಳು, ನಡುವೆ ಉತ್ತರ-ದಕ್ಷಿಣವಾಗಿ ಇಳಿಯುವ ನದೀ ಕಣಿವೆಗಳು. ಜನ ನೆಲೆಸಿರುವುದು, ಮಠಗಳಿರುವುದು, ಪ್ರವಾಸಿಗರು ಸುತ್ತುವುದು ಹೆಚ್ಚಾಗಿ ಈ ನಡುವಿನ ಕಣಿವೆಗಳಲ್ಲಿ. ದೇಶದ ಶೇಕಡ 60ರಷ್ಟು ಭೂಮಿ ಎಂದೆಂದಿಗೂ ಕಾಡಾಗಿಯೇ ಇರಬೇಕೆಂದು 2008ರ ಸಂವಿಧಾನ ಕಟ್ಟಳೆ ಹಾಕಿದೆ. ವಾಸ್ತವದಲ್ಲಿ ಇರುವ ಕಾಡು ಅದಕ್ಕಿಂತಲೂ ಹೆಚ್ಚು.

ಹಿನ್ನೆಲೆ

ಟಿಬೆಟಿನಿಂದ 1616ರಲ್ಲಿ ಬಂದ ಲಾಮಾ ಶಬ್ದ್ರುಂಗ್ ಙವಾಂಗ್ ನಮ್‌ಗ್ಯಾಲ್ ಬಿಡಿಬಿಡಿಯಾಗಿದ್ದ ಕಣಿವೆಗಳನ್ನು ಒಗ್ಗೂಡಿಸಿ, ಆಯಕಟ್ಟಿನ ಜಾಗಗಳಲ್ಲಿ ಜೋಂಗ್‌ಗಳನ್ನು ಕಟ್ಟಿಸಿದ. ಜೋಂಗ್ ಎಂದರೆ ಒಂದೇ ಆವರಣದಲ್ಲಿ ಕೋಟೆ, ಮಠ, ಕಚೇರಿ ಮೂರೂ ಇರುವ ಕಟ್ಟಡ. ಇಂದಿಗೂ ಜಿಲ್ಲಾಡಳಿತ ಅಲ್ಲಿಂದಲೇ ನಡೆಯುತ್ತದೆ, ಭಿಕ್ಷುಗಳೂ ಅಲ್ಲೇ ಇರುತ್ತಾರೆ. 1907ರ ಡಿಸೆಂಬರ್ 17ರಂದು ಉಗ್ಯೆನ್ ವಾಂಗ್‌ಚುಕ್ ಮೊದಲ ದೊರೆಯಾಗಿ ಪಟ್ಟವೇರಿದ. ಬ್ರಿಟಿಷರ ಪ್ರತಿನಿಧಿಗಳಾಗಿ 1774ರಲ್ಲಿ ಜಾರ್ಜ್ ಬೋಗಲ್, 1783ರಲ್ಲಿ ಸ್ಯಾಮ್ಯುಯೆಲ್ ಟರ್ನರ್ ಬಂದುಹೋಗಿದ್ದರೂ ಹೊರಗಿನವರಿಗೆ ಈ ನಾಡು ಬಹುಕಾಲ ಎಟುಕಲೇ ಇಲ್ಲ. ಜವಾಹರಲಾಲ್ ನೆಹರು 1958ರಲ್ಲಿ ಭೇಟಿ ಕೊಟ್ಟಾಗ ಸಿಕ್ಕಿಮಿನಿಂದ ನಾಥೂ ಲಾ ದಾಟಿ, ಟಿಬೆಟಿನ ಚುಂಬಿ ಕಣಿವೆಯ ಮೂಲಕ, ಕುದುರೆ ಮತ್ತು ಯಾಕ್‌ಗಳ ಮೇಲೆ ದಿನಗಟ್ಟಲೆ ಪಯಣಿಸಿ ಪಾರೋ ತಲುಪಬೇಕಾಯಿತು. ಒಬ್ಬ ಪ್ರಧಾನಿಗೂ ಮೋಟಾರು ದಾರಿ ಇರಲಿಲ್ಲ.

ಟಿಬೆಟನ್ನು ಚೀನಾ ವಶಪಡಿಸಿಕೊಂಡ ಮೇಲೆ ಭೂತಾನ್ ಉತ್ತರದ ಗಡಿಯನ್ನು ಮುಚ್ಚಿ ದಕ್ಷಿಣಕ್ಕೆ ಮುಖ ಮಾಡಿತು. ಭಾರತದ ಗಡಿ ರಸ್ತೆ ಸಂಸ್ಥೆ ‘ದಂತಕ್’ ಯೋಜನೆಯಡಿ ಗಡಿಪಟ್ಟಣ ಫುಂಟ್ಶೋಲಿಂಗ್‌ನಿಂದ ಒಳನಾಡಿಗೆ ಕಡಿದ ರಸ್ತೆ 1962ರಲ್ಲಿ ಬಳಕೆಗೆ ಬಂತು. ವಾರದ ಕಾಲ್ನಡಿಗೆ ಒಂದು ದಿನದ ಪ್ರಯಾಣವಾಯಿತು. 1971ರಲ್ಲಿ ಭೂತಾನ್ ವಿಶ್ವಸಂಸ್ಥೆ ಸೇರಿತು. ಆದರೆ ಹೊಸ ಆಡಳಿತ ಕಟ್ಟಲು ಬೇಕಾದ ವಿದೇಶಿ ವಿನಿಮಯ ಬೊಕ್ಕಸದಲ್ಲಿರಲಿಲ್ಲ. ಆ ಹಣಕ್ಕಾಗಿ ಹಿಡಿದ ಮೊದಲ ದಾರಿ ಅಂಚೆಚೀಟಿ. ರೇಷ್ಮೆಯ ಮೇಲೆ, ಉಕ್ಕಿನ ತಗಡಿನ ಮೇಲೆ ಅಚ್ಚಾದ ಚೀಟಿಗಳು, 1970ರ ದಶಕದ ಆರಂಭದಲ್ಲಿ ಗ್ರಾಮಾಫೋನಿನಲ್ಲಿಟ್ಟರೆ ಹಾಡುವ ಪುಟ್ಟ ತಟ್ಟೆಯ ಚೀಟಿಗಳು ಜಗತ್ತಿನ ಸಂಗ್ರಹಕಾರರನ್ನು ಸೆಳೆದವು. ವಿರಳವಾದದ್ದಕ್ಕೆ ಹೊರಗಿನವರು ಹೆಚ್ಚು ಹಣ ಕೊಡುತ್ತಾರೆ ಎಂಬ ಅರಿವು ಈ ದೇಶಕ್ಕೆ ಬಂದದ್ದು ಪ್ರವಾಸಿಗರಿಂದಲ್ಲ, ಈ ಚೀಟಿಗಳಿಂದ ಎನ್ನಬಹುದು.

ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್‌ರ ಪಟ್ಟಾಭಿಷೇಕ 1974ರ ಜೂನ್ 2ರಂದು ನಡೆಯಿತು. ಹೊರದೇಶದ ಅತಿಥಿಗಳಿಗಾಗಿ ಥಿಂಫುವಿನಲ್ಲಿ ಮೋತಿಥಾಂಗ್, ಪಾರೋದಲ್ಲಿ ಓಲಥಾಂಗ್ ಎಂಬ ಅತಿಥಿಗೃಹಗಳು ಎದ್ದವು. ಸಮಾರಂಭ ಮುಗಿದ ಮೇಲೆ ಆ ಕಟ್ಟಡಗಳನ್ನೇ ಪ್ರವಾಸಿಗರಿಗೆ ಬಿಟ್ಟುಕೊಡಲಾಯಿತು. ಸ್ವೀಡನ್ ಮೂಲದ ಅಮೆರಿಕನ್ ಪ್ರವಾಸ ಸಂಘಟಕ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಕರೆತಂದ ತಂಡ ಮೊದಲು ಬಂದವುಗಳಲ್ಲಿ ಒಂದು. ಆ ವರ್ಷ ಬಂದವರ ಸಂಖ್ಯೆ 287. ಪಕ್ಕದ ನೇಪಾಳದ ಕಠ್ಮಂಡುವಿನಲ್ಲಿ ಆಗ ಹಿಪ್ಪಿಗಳ ಜಾತ್ರೆ. ಅದನ್ನು ಕಣ್ಣಾರೆ ಕಂಡಿದ್ದ ಭೂತಾನಿನ ಆಡಳಿತಗಾರರು ‘ಹೆಚ್ಚು ಮೌಲ್ಯ, ಕಡಿಮೆ ಸಂಖ್ಯೆ’ ಎಂಬ ಸೂತ್ರ ಹಿಡಿದರು. ಬೆನ್ನಿಗೊಂದು ಚೀಲ ಹಾಕಿಕೊಂಡು ತಿಂಗಳುಗಟ್ಟಲೆ ಅಗ್ಗದಲ್ಲಿ ಕಾಲ ಕಳೆಯುವವರಿಗೆ ಇಲ್ಲಿ ಜಾಗವಿಲ್ಲವೆಂಬುದು ಅಂದೇ ತೀರ್ಮಾನವಾಯಿತು.

ದರ ಮತ್ತು ಅದರ ಲೆಕ್ಕಾಚಾರ

ಆರಂಭದಲ್ಲಿ ದಿನಕ್ಕೆ 130 ಡಾಲರ್ ಇದ್ದ ದರ 1990ರ ದಶಕದ ಹೊತ್ತಿಗೆ 200ಕ್ಕೆ, 2012ರಲ್ಲಿ ಹಂಗಾಮಿನ ತಿಂಗಳುಗಳಿಗೆ 250ಕ್ಕೆ ಏರಿತು. ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ಇಲ್ಲಿನ ಹಂಗಾಮು. ಮಳೆ-ಚಳಿಯ ತಿಂಗಳುಗಳಿಗೆ 200 ಡಾಲರ್ ಉಳಿಯಿತು. ಇದನ್ನು ಪ್ರವೇಶ ಶುಲ್ಕವೆಂದು ತಿಳಿದವರು ಬಹಳ. ಅದು ಹಾಗಿರಲಿಲ್ಲ. ಮೂರು ತಾರೆಯ ಹೋಟೆಲಿನ ಕೋಣೆ, ಮೂರು ಹೊತ್ತಿನ ಊಟ, ಮಾರ್ಗದರ್ಶಿ, ಕಾರು, ಚಾಲಕ ಎಲ್ಲವೂ ಆ ಮೊತ್ತದಲ್ಲೇ ಸೇರಿದ್ದವು. ಅದರಲ್ಲಿ 65 ಡಾಲರ್ ಮಾತ್ರ ಸರ್ಕಾರದ ಪಾಲು. ದೇಶದ ಪ್ರಜೆಗಳಿಗೆ ಉಚಿತವಾಗಿರುವ ಆಸ್ಪತ್ರೆ, ಶಾಲೆಗಳ ಖರ್ಚಿಗೆ ಅದು ಹೋಗುತ್ತಿತ್ತು. ಇನ್ನೂ ಮೇಲ್ಮಟ್ಟದ ಸೌಕರ್ಯ ಬಯಸಿದವರು ಹೋಟೆಲಿಗೆ ಹೆಚ್ಚುವರಿ ಹಣ ಕಟ್ಟುತ್ತಿದ್ದರು. ಅಂದರೆ ನಿಗದಿಯಾಗಿದ್ದುದು ಕನಿಷ್ಠ ದರ, ಗರಿಷ್ಠಕ್ಕೆ ಮಿತಿಯಿರಲಿಲ್ಲ.

ಈ ವ್ಯವಸ್ಥೆಗೆ ತನ್ನದೇ ದೋಷಗಳಿದ್ದವು. 1991ರಲ್ಲಿ ಪ್ರವಾಸೋದ್ಯಮ ಖಾಸಗಿಯವರಿಗೆ ತೆರೆದ ಮೇಲೆ ಸಂಸ್ಥೆಗಳು ನಾಯಿಕೊಡೆಗಳಂತೆ ಹುಟ್ಟಿ, ಕಾಗದದ ಮೇಲೆ ಪೂರ್ತಿ ದರ ತೋರಿಸಿ ಒಳಗೊಳಗೇ ವಿದೇಶಿ ಏಜೆಂಟರಿಗೆ ರಿಯಾಯಿತಿ ಕೊಡತೊಡಗಿದವು. ಮೂರು ತಾರೆಯ ಹೋಟೆಲುಗಳಿಗೂ ಗುಣಮಟ್ಟ ಹೆಚ್ಚಿಸುವ ಒತ್ತಡವಿರಲಿಲ್ಲ. ಹೇಗೂ ಪ್ಯಾಕೇಜಿನಲ್ಲಿ ಜನ ಬಂದೇ ಬರುತ್ತಿದ್ದರು.

ಡಾಲರಿನ ಮೇಲೆ ಇಷ್ಟು ಒತ್ತು ಯಾಕೆಂಬುದಕ್ಕೆ ದೇಶದ ಆರ್ಥಿಕತೆಯ ರಚನೆಯಲ್ಲೇ ಉತ್ತರವಿದೆ. ಭೂತಾನಿನ ದೊಡ್ಡ ಆದಾಯ ಜಲವಿದ್ಯುತ್ತಿನದು. ಭಾರತದ ನೆರವಿನಲ್ಲಿ ಕಟ್ಟಿದ 336 ಮೆಗಾವಾಟಿನ ಚುಖಾ, 1,020 ಮೆಗಾವಾಟಿನ ತಾಲಾ ಸ್ಥಾವರಗಳ ವಿದ್ಯುತ್ತು ಭಾರತಕ್ಕೆ ಮಾರಾಟವಾಗುತ್ತದೆ, ಹಣ ರೂಪಾಯಿಯಲ್ಲಿ ಬರುತ್ತದೆ. ಸ್ಥಳೀಯ ನಾಣ್ಯ ಙುಲ್‌ಟ್ರಮ್ 1974ರಲ್ಲಿ ಬಂದಾಗಿನಿಂದ ರೂಪಾಯಿಗೆ ಸರಿಸಮನಾಗಿ ಕಟ್ಟಿಕೊಂಡಿದೆ. ರೂಪಾಯಿಯಿಂದ ಭಾರತದ ಅಕ್ಕಿ, ಡೀಸೆಲ್ ಕೊಳ್ಳಬಹುದು. ಏರ್‌ಬಸ್ ವಿಮಾನವನ್ನೋ ಆಸ್ಪತ್ರೆಯ ಯಂತ್ರವನ್ನೋ ಕೊಳ್ಳಲು ಡಾಲರ್ ಬೇಕು. ಅದನ್ನು ತರುವ ಮುಖ್ಯ ದಾರಿ ದೂರದೇಶದ ಪ್ರವಾಸಿ.

ಪಾರೋ ವಿಮಾನ ನಿಲ್ದಾಣ

ಸರ್ಕಾರಿ ವಿಮಾನ ಸಂಸ್ಥೆ ಡ್ರುಕ್ ಏರ್ 1983ರಲ್ಲಿ ಹದಿನೆಂಟು ಆಸನದ ಡಾರ್ನಿಯರ್ ವಿಮಾನದೊಂದಿಗೆ ಪಾರೋ-ಕೋಲ್ಕತಾ ನಡುವೆ ಹಾರಾಟ ಆರಂಭಿಸಿತು. 2004ರಲ್ಲಿ ಏರ್‌ಬಸ್ 319 ಬಂತು. ಪಾರೋ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,235 ಮೀಟರ್ ಎತ್ತರದ ಇಕ್ಕಟ್ಟಾದ ಕಣಿವೆಯಲ್ಲಿದೆ. ಸುತ್ತ ಐದು ಸಾವಿರ ಮೀಟರ್ ದಾಟಿದ ಬೆಟ್ಟಗಳು. ಓಡುದಾರಿ ಎರಡು ಕಿಲೋಮೀಟರಿಗೆ ತುಸು ಹೆಚ್ಚು. ಉಪಕರಣ ನೋಡಿಕೊಂಡು ಇಳಿಸುವ ಹಾಗಿಲ್ಲ. ಪೈಲಟ್ ಕಣ್ಣಿಂದ ಕಂಡೇ ಇಳಿಸಬೇಕು. ಹೀಗಾಗಿ ಹಾರಾಟ ಹಗಲಿನಲ್ಲಿ ಮಾತ್ರ, ಅದೂ ವಿಶೇಷ ತರಬೇತಿ ಪಡೆದ ಕೆಲವೇ ಪೈಲಟ್‌ಗಳಿಂದ. ಮಧ್ಯಾಹ್ನದ ಗಾಳಿ ಜೋರಾಗುವುದರಿಂದ ಹೆಚ್ಚಿನ ವಿಮಾನಗಳು ಬೆಳಿಗ್ಗೆಯೇ ಬಂದುಹೋಗುತ್ತವೆ. ದೆಹಲಿ ಅಥವಾ ಕಠ್ಮಂಡುವಿನಿಂದ ಹೋಗುವವರು ಎಡಬದಿಯ ಕಿಟಕಿ ಕೇಳಿ ಪಡೆದರೆ, ಮೋಡವಿಲ್ಲದ ದಿನ ಎವರೆಸ್ಟ್‌ನಿಂದ ಕಾಂಚನಜುಂಗಾವರೆಗಿನ ಸಾಲನ್ನು ಕಾಣಬಹುದು. ಎಷ್ಟೇ ಸಿರಿವಂತರಾದರೂ ಮೋಡ ಕವಿದ ದಿನ ಕೋಲ್ಕತಾದಲ್ಲೋ ಪಶ್ಚಿಮ ಬಂಗಾಳದ ಬಾಗ್ದೋಗ್ರಾದಲ್ಲೋ ಕಾಯಲೇಬೇಕು. ದೇಶದೊಳಗಿನ ಹೆಲಿಕಾಪ್ಟರ್ ಸೇವೆ 2015ರಲ್ಲಿ ಶುರುವಾದ ಮೇಲೆ ಹಣವುಳ್ಳವರು ಕಣಿವೆಯಿಂದ ಕಣಿವೆಗೆ ಹಾರುವುದೂ ಉಂಟು. ಬುಮ್ತಾಂಗ್, ಯೊಂಗ್‌ಫುಲಾ, ಗೆಲೆಫುಗಳಲ್ಲಿ ಒಳನಾಡಿನ ಚಿಕ್ಕ ನಿಲ್ದಾಣಗಳಿವೆ.

ವಸತಿಗೃಹಗಳು

ಅಂತರರಾಷ್ಟ್ರೀಯ ಮಟ್ಟದ ಐಷಾರಾಮಿ ವಸತಿ ಭೂತಾನಿಗೆ ಬಂದದ್ದು 2004ರಲ್ಲಿ. ಆ ವರ್ಷ ಅಮಾನ್ ಸಂಸ್ಥೆಯ ‘ಅಮಾನ್‌ಕೋರಾ’ ಪಾರೋದಲ್ಲಿ ತೆರೆಯಿತು. ಅದೇ ಕಣಿವೆಯಲ್ಲಿ ಕೋಮೋ ಸಂಸ್ಥೆಯ ‘ಉಮಾ ಪಾರೋ’ ಕೂಡ ತೆರೆಯಿತು. ಅಮಾನ್‌ಕೋರಾ ತಂದ ಹೊಸತನ ಕಟ್ಟಡಕ್ಕಿಂತ ಪ್ರವಾಸದ ಕ್ರಮದಲ್ಲಿತ್ತು. ಪಾರೋ, ಥಿಂಫು, ಪುನಾಖಾ, ಗಂಗ್ಟೇ, ಬುಮ್ತಾಂಗ್ ಹೀಗೆ ಐದು ಕಣಿವೆಗಳಲ್ಲಿ ಐದು ಪುಟ್ಟ ಲಾಡ್ಜ್‌ಗಳನ್ನು ಕಟ್ಟಿ, ಒಬ್ಬನೇ ಮಾರ್ಗದರ್ಶಿ, ಒಬ್ಬನೇ ಚಾಲಕನ ಜೊತೆ ಅತಿಥಿ ಒಂದರಿಂದ ಇನ್ನೊಂದಕ್ಕೆ ಸಾಗುವ ಏರ್ಪಾಡು ಮಾಡಿದರು. ಪುನಾಖಾ, ಗಂಗ್ಟೇಗಳಲ್ಲಿ ಎಂಟೆಂಟೇ ಕೋಣೆಗಳು. ಪುನಾಖಾದ ಲಾಡ್ಜ್ ಹಿಂದೊಮ್ಮೆ ದೇಶದ ಪ್ರಧಾನ ಮಠಾಧೀಶರೊಬ್ಬರಿಗೆ ಸೇರಿದ್ದ ಹಳೆಯ ತೋಟದ ಮನೆಯನ್ನು ಆಧರಿಸಿದೆ. ಮೋ ಛೂ ನದಿಯ ಮೇಲಿನ ತೂಗುಸೇತುವೆ ದಾಟಿ ಅಲ್ಲಿಗೆ ಹೋಗಬೇಕು. ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ಕೆರ್ರಿ ಹಿಲ್, ಭೂತಾನಿನ ಮನೆಗಳಂತೆಯೇ ಮಣ್ಣು ತುಳಿದು ಗಟ್ಟಿಮಾಡಿದ ದಪ್ಪ ಗೋಡೆ, ಮರದ ಒಳಾಂಗಣ, ಕೋಣೆಗೊಂದು ಸೌದೆಯ ಬುಖಾರಿ ಒಲೆ ಇಟ್ಟ. ಬಣ್ಣ, ಕೆತ್ತನೆ ಬಹುತೇಕ ಇಲ್ಲ. ಜೋಂಗ್‌ಗಳ ಹೊರಗೋಡೆಯ ಬಿಳಿ ಮೌನವನ್ನು ಹಿಡಿದಿಡುವುದರಲ್ಲಿ ಈ ಕಟ್ಟಡಗಳು ನಿಜವಾಗಿ ಗೆದ್ದಿವೆ. ಒಂದು ರಾತ್ರಿಯ ಬಾಡಿಗೆ ಸಾವಿರ ಡಾಲರ್ ದಾಟುತ್ತದೆ.

ಇದೇ ಮಾದರಿಯನ್ನು ಸಿಕ್ಸ್ ಸೆನ್ಸಸ್ ಸಂಸ್ಥೆ 2018ರ ನಂತರ ಅದೇ ಐದು ಕಣಿವೆಗಳಲ್ಲಿ ಇನ್ನೂ ಅದ್ದೂರಿಯಾಗಿ ಅನುಸರಿಸಿತು. ‘ಗಂಗ್ಟೇ ಲಾಡ್ಜ್’ ಎಂಬ ಇನ್ನೊಂದು ವಸತಿಗೃಹ ಕಣಿವೆಯ ಕಡೆ ತೆರೆದ ದೊಡ್ಡ ಕಿಟಕಿಗಳಿಂದ ಹೆಸರು ಮಾಡಿದೆ. ಥಿಂಫುವಿನಲ್ಲಿ 2008ರಲ್ಲಿ ಭಾರತದ ತಾಜ್ ಸಂಸ್ಥೆ ನಡೆಸಲಾರಂಭಿಸಿದ ತಾಜ್ ತಾಶಿ ಈಗ ಪೆಮಾಕೋ ಎಂಬ ಭೂತಾನಿ ಹೆಸರಿನಲ್ಲಿ ನಡೆಯುತ್ತಿದೆ. ಭೂತಾನಿಗರದೇ ಒಡೆತನದ ಪಾರೋದ ಝಿವಾ ಲಿಂಗ್ ಇವೆಲ್ಲಕ್ಕಿಂತ ಬೇರೆ ಜಾತಿಯದು: ತುಂಬಾ ಕೆತ್ತನೆ, ತುಂಬಾ ಬಣ್ಣ, ಒಳಗೊಂದು ದೇಗುಲ. ಗಂಗ್ಟೇ ಮಠದ ಜೀರ್ಣೋದ್ಧಾರದ ವೇಳೆ ತೆಗೆದ ಶತಮಾನಗಳ ಹಳೆಯ ಮರವನ್ನು ಅದರಲ್ಲಿ ಬಳಸಲಾಗಿದೆ. ಹೊರಗಿನವರು ಇಷ್ಟಪಡುವ ಸರಳತೆ ಮತ್ತು ಊರಿನವರು ವೈಭವವೆಂದು ತಿಳಿಯುವುದು ಎರಡೂ ಬೇರೆ ಬೇರೆ ಎಂಬುದನ್ನು ಪಾರೋ ಕಣಿವೆಯ ಈ ಹೋಟೆಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು ಕೂಡಲೇ ಗುರುತಿಸುತ್ತಾರೆ.

ಯಾವುದೇ ಹೊಸ ಕಟ್ಟಡ ಸಾಂಪ್ರದಾಯಿಕ ಶೈಲಿಯ ಕಿಟಕಿ, ಸೂರು, ಪಟ್ಟಿಗಳನ್ನು ಹೊಂದಿರಬೇಕೆಂಬ ನಿಯಮವಿದೆ. ಪೆಟ್ರೋಲ್ ಬಂಕ್‌ಗೂ ಅದು ಅನ್ವಯ. ಹಾಗಾಗಿ ಗಾಜಿನ ಗೋಪುರದಂಥ ಹೋಟೆಲು ಇಲ್ಲಿ ಏಳುವ ಹಾಗಿಲ್ಲ.

ಕಣಿವೆಯಿಂದ ಕಣಿವೆಗೆ

ಹೆಚ್ಚಿನ ಪ್ರವಾಸಗಳು ಪಾರೋದಲ್ಲಿ ಶುರುವಾಗಿ ಪಾರೋದಲ್ಲೇ ಮುಗಿಯುತ್ತವೆ. ನಡುವೆ ರಾಜಧಾನಿ ಥಿಂಫು, 3,100 ಮೀಟರ್ ಎತ್ತರದ ದೋಚುಲಾ ಕಣಿವೆಮಾರ್ಗ ಮತ್ತು ಅಲ್ಲಿನ 108 ಚೋರ್ಟೆನ್‌ಗಳು (ಸ್ತೂಪಗಳು), ಆಮೇಲೆ ಬಿಸಿಲಿನ ಪುನಾಖಾ. ಪುನಾಖಾ ಜೋಂಗ್ ಅನ್ನು ಶಬ್ದ್ರುಂಗ್ 1637-38ರಲ್ಲಿ ಫೋ ಛೂ, ಮೋ ಛೂ ನದಿಗಳ ಸಂಗಮದಲ್ಲಿ ಕಟ್ಟಿಸಿದ. ದೊರೆಗಳ ಪಟ್ಟಾಭಿಷೇಕದ ಧಾರ್ಮಿಕ ವಿಧಿಗಳು ಇಲ್ಲೇ ನಡೆಯುತ್ತವೆ. ಈಗಿನ ದೊರೆ ಜಿಗ್ಮೆ ಖೇಸರ್ ನಮ್‌ಗ್ಯೆಲ್ ವಾಂಗ್‌ಚುಕ್ 2011ರ ಅಕ್ಟೋಬರ್‌ನಲ್ಲಿ ವಿವಾಹವಾದದ್ದೂ ಇಲ್ಲಿಯೇ. ಚಳಿಗಾಲದಲ್ಲಿ ಮಠದ ಕೇಂದ್ರ ಸಂಘ ಥಿಂಫುವಿನಿಂದ ಇಲ್ಲಿಗೆ ಇಳಿದುಬರುತ್ತದೆ. ನೀಲಿ ಹೂವಿನ ಜಕರಂಡ ಮರಗಳು ವಸಂತದಲ್ಲಿ ಬಿಳಿಗೋಡೆಗೆ ಒರಗಿ ನಿಲ್ಲುವ ಈ ಜೋಂಗ್ ಇಡೀ ದೇಶದಲ್ಲೇ ಅತ್ಯಂತ ಸುಂದರ ಕಟ್ಟಡ.

ಫೋಬ್ಜಿಖಾ ಕಣಿವೆ ಸುಮಾರು ಮೂರು ಸಾವಿರ ಮೀಟರ್ ಎತ್ತರದ ಜೌಗುಬಯಲು. ಅದರ ಮೇಲಿನ ದಿಣ್ಣೆಯಲ್ಲಿ ಗಂಗ್ಟೇ ಮಠ. ಟಿಬೆಟ್ ಪ್ರಸ್ಥಭೂಮಿಯಿಂದ ಕಪ್ಪುಕತ್ತಿನ ಕೊಕ್ಕರೆಗಳು ಪ್ರತಿ ವರ್ಷ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ. ಅವು ತಂತಿಗೆ ತಾಗಿ ಸಾಯಬಾರದೆಂದು ಕಣಿವೆಗೆ ವಿದ್ಯುತ್ತನ್ನು ನೆಲದಡಿಯ ಕೇಬಲ್ಲಿನಲ್ಲಿ ತರಲಾಗಿದೆ. ನವೆಂಬರ್ 11ರಂದು ಮಠದ ಅಂಗಳದಲ್ಲಿ ಕೊಕ್ಕರೆ ಹಬ್ಬ. ಶಾಲಾ ಮಕ್ಕಳು ಹಕ್ಕಿಯ ವೇಷ ತೊಟ್ಟು ಕುಣಿಯುತ್ತಾರೆ. ಬುಮ್ತಾಂಗ್ ಇನ್ನೂ ಪೂರ್ವಕ್ಕಿದೆ. ಏಳನೆಯ ಶತಮಾನದ್ದೆಂದು ನಂಬಲಾದ ಜಂಬೇ ಲ್ಹಖಾಂಗ್, ಗುರು ಪದ್ಮಸಂಭವರ ಮೈಯ ಅಚ್ಚು ಬಂಡೆಯಲ್ಲಿ ಮೂಡಿದೆಯೆನ್ನುವ ಕುರ್ಜೇ ದೇಗುಲಗಳು ಅಲ್ಲಿವೆ. ಪಾರೋ-ಥಿಂಫುಗಳಲ್ಲೇ ಸುತ್ತಿ ಮರಳುವವರಿಗೆ ಬುಮ್ತಾಂಗಿನ ಹಳ್ಳಿಗಳ ನಿಧಾನಗತಿ ಸಿಗುವುದಿಲ್ಲ. ದಿನ ಹೆಚ್ಚಿದ್ದವರು ಇದನ್ನು ಬಿಡಬಾರದು.

ಇಡೀ ಪ್ರವಾಸದ ತುದಿ ತಕ್ತ್‌ಸಾಂಗ್. ಪಾರೋ ಕಣಿವೆಯ ನೆಲದಿಂದ ಸುಮಾರು 900 ಮೀಟರ್ ಮೇಲೆ, ಕಡಿದಾದ ಬಂಡೆಗೆ ಅಂಟಿಕೊಂಡಿರುವ ಈ ಮಠ 3,120 ಮೀಟರ್ ಎತ್ತರದಲ್ಲಿದೆ. ಎಂಟನೆಯ ಶತಮಾನದಲ್ಲಿ ಗುರು ಪದ್ಮಸಂಭವರು ಹೆಣ್ಣುಹುಲಿಯ ಬೆನ್ನೇರಿ ಇಲ್ಲಿಗೆ ಬಂದು ಗವಿಯಲ್ಲಿ ಧ್ಯಾನ ಮಾಡಿದರೆಂದು ಐತಿಹ್ಯ. ಮಠವನ್ನು 1692ರಲ್ಲಿ ಕಟ್ಟಲಾರಂಭಿಸಿದವರು ಗ್ಯಾಲ್ಸೆ ತೆಂಜಿನ್ ರಬ್ಗ್ಯೆ. 1998ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಮುಖ್ಯ ಕಟ್ಟಡ ಸುಟ್ಟುಹೋಯಿತು. ಹಳೆಯ ರೂಪದಲ್ಲೇ ಮತ್ತೆ ಕಟ್ಟಿ 2005ರಲ್ಲಿ ಮುಗಿಸಿದರು. ಇಲ್ಲಿಗೆ ರಸ್ತೆಯಿಲ್ಲ, ರೋಪ್‌ವೇ ಇಲ್ಲ. ಕುದುರೆ ಸಿಗುವುದು ನಡುದಾರಿಯ ಚಹಾಗೃಹದವರೆಗೆ ಮಾತ್ರ. ಆಮೇಲೆ ನೂರಾರು ಮೆಟ್ಟಿಲು ಇಳಿದು, ಜಲಪಾತದ ಬುಡ ದಾಟಿ, ಮತ್ತೆ ಹತ್ತಬೇಕು. 2016ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ದಂಪತಿಯೂ ನಡೆದೇ ಹತ್ತಿದರು. ಬಾಗಿಲಲ್ಲಿ ಫೋನು, ಕ್ಯಾಮೆರಾ, ಚೀಲ ಎಲ್ಲವನ್ನೂ ಒಪ್ಪಿಸಿ ಒಳಗೆ ಹೋಗಬೇಕು. ಸಾವಿರ ಡಾಲರಿನ ಕೋಣೆಯಲ್ಲಿ ಮಲಗೆದ್ದವನೂ ಬುತ್ತಿ ಕಟ್ಟಿಕೊಂಡು ಬಂದ ಹಳ್ಳಿಯ ಅಜ್ಜಿಯೂ ಒಂದೇ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳುವ ಜಾಗ ಇದು.

ಕರ್ನಾಟಕದ ಓದುಗರಿಗೆ ಗುರು ಪದ್ಮಸಂಭವರು ಅಪರಿಚಿತರಲ್ಲ. ಬೈಲಕುಪ್ಪೆಯ ನಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರದಲ್ಲಿ ಬುದ್ಧನ ಪಕ್ಕ ಕುಳಿತಿರುವ ಭವ್ಯ ಮೂರ್ತಿ ಇದೇ ಪದ್ಮಸಂಭವರದು. ಪೆನೋರ್ ರಿನ್‌ಪೋಛೆ 1963ರಲ್ಲಿ ಸ್ಥಾಪಿಸಿದ ಆ ಮಠದ ವಿದ್ಯಾಪೀಠದಲ್ಲಿ ಭೂತಾನಿನ ಅನೇಕ ಭಿಕ್ಷುಗಳು ಓದಿದ್ದಾರೆ. ಭೂತಾನಿನ ಮಠವೊಂದರಲ್ಲಿ ಮೈಸೂರು, ಕುಶಾಲನಗರಗಳ ಹೆಸರು ಬಲ್ಲ ಲಾಮಾ ಎದುರಾದರೆ ಅದಕ್ಕೆ ಕಾರಣ ಇದೇ.

ಹಬ್ಬ, ಊಟ, ಸ್ನಾನ, ನೇಯ್ಗೆ

ಪದ್ಮಸಂಭವರ ಹೆಸರಿನಲ್ಲಿ ಜೋಂಗ್‌ಗಳಲ್ಲಿ ನಡೆಯುವ ಮುಖವಾಡ ಕುಣಿತದ ಹಬ್ಬಕ್ಕೆ ತ್ಸೇಚು ಎನ್ನುತ್ತಾರೆ. ಪಾರೋದಲ್ಲಿ ವಸಂತದಲ್ಲಿ, ಥಿಂಫುವಿನಲ್ಲಿ ಶರತ್ಕಾಲದಲ್ಲಿ. ಪಾರೋ ತ್ಸೇಚುವಿನ ಕೊನೆಯ ದಿನ, ಸೂರ್ಯ ಮೂಡುವ ಮುಂಚೆ, ಕಟ್ಟಡದಷ್ಟು ಎತ್ತರದ ಬಟ್ಟೆಯ ಚಿತ್ರಪಟ ಥೋಂಗ್ಡ್ರೆಲ್ ಬಿಚ್ಚುತ್ತಾರೆ. ಬಿಸಿಲು ತಾಗುವುದರೊಳಗೆ ಸುತ್ತಿಡುತ್ತಾರೆ. ಅದನ್ನು ಕಂಡರೆ ಪಾಪ ಕಳೆಯುತ್ತದೆಂಬ ನಂಬಿಕೆಯಿಂದ ಜನ ರಾತ್ರಿಯೇ ಬಂದು ಕೂರುತ್ತಾರೆ. ಪ್ರವಾಸಿಗರಿಗೆ ಇದು ನೋಟ, ಊರವರಿಗೆ ಪೂಜೆ. ಕ್ಯಾಮೆರಾ ಹಿಡಿದು ಮುಂದೆ ನುಗ್ಗುವವರ ಬಗ್ಗೆ ಅಸಮಾಧಾನ ಹಳೆಯದು. 1980ರ ದಶಕದ ಕೊನೆಯಲ್ಲಿ ಮಠಗಳ ಒಳಗೆ ಪ್ರವಾಸಿಗರನ್ನು ಬಿಡುವುದನ್ನೇ ಸರ್ಕಾರ ನಿರ್ಬಂಧಿಸಿತ್ತು.

ಬಿಸಿಕಲ್ಲಿನ ಸ್ನಾನ ರೈತರ ಮನೆಯ ವಾಡಿಕೆ. ಹೊಳೆಯ ಕಲ್ಲುಗಳನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ತೊಟ್ಟಿಯ ಒಂದು ತುದಿಯಲ್ಲಿ ಅಡ್ಡಹಲಗೆಯ ಆಚೆ ನೀರಿಗೆ ಹಾಕುತ್ತಾರೆ. ಕಲ್ಲು ಸಿಡಿದು ಬಿಸಿ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಮಾಚಿಪತ್ರೆಯ ಜಾತಿಯ ಖೆಂಪಾ ಎಲೆ. ಚಳಿಗಾಲದಲ್ಲಿ ಕೀಲುನೋವಿಗೆ ಇದು ಮದ್ದು. ಐಷಾರಾಮಿ ಲಾಡ್ಜ್‌ಗಳಲ್ಲಿ ಇದೇ ಸ್ನಾನ ಬಹಳ ಬೇಡಿಕೆಯ ಸೇವೆ. ಹಳ್ಳಿಯ ಮನೆಗಳಲ್ಲೂ ಕಡಿಮೆ ಹಣಕ್ಕೆ ದೊರೆಯುತ್ತದೆ. ಊಟದಲ್ಲಿ ಕೆಂಪಕ್ಕಿ ಅನ್ನ, ಎಮಾ ದಾತ್ಸಿ. ಮೆಣಸಿನಕಾಯಿಯನ್ನು ಒಗ್ಗರಣೆಗೆ ಹಾಕದೆ ತರಕಾರಿಯಾಗಿಯೇ ಚೀಸಿನಲ್ಲಿ ಬೇಯಿಸುವ ಈ ಪಲ್ಯವನ್ನು ಹೋಟೆಲುಗಳು ವಿದೇಶಿಯರಿಗಾಗಿ ಖಾರ ತಗ್ಗಿಸಿ ಬಡಿಸುತ್ತವೆ. ಖಾರಕ್ಕೆ ಒಗ್ಗಿದವರು ಊರಿನ ಜನ ತಿನ್ನುವ ಹಾಗೆಯೇ ಕೇಳಿ ತಿನ್ನುವುದು ಒಳ್ಳೆಯದು.

ಕೊಳ್ಳುವ ವಸ್ತುಗಳಲ್ಲಿ ಅತ್ಯಂತ ಬೆಲೆಬಾಳುವುದು ನೇಯ್ಗೆ. ಪೂರ್ವದ ಲ್ಹುಂಟ್ಸೆ ಜಿಲ್ಲೆಯ ಖೋಮಾ ಹಳ್ಳಿಯ ಹೆಂಗಸರು ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುವ ಮಗ್ಗದಲ್ಲಿ ನೇಯುವ ಕಿಶುಥಾರಾ ಎಂಬ ರೇಷ್ಮೆ ಕೀರಾ (ಹೆಂಗಸರ ಉಡುಪು) ಮುಗಿಯಲು ತಿಂಗಳುಗಳು ಬೇಕು. ನೋಡುವವರಿಗೆ ಕಸೂತಿಯೆನಿಸುತ್ತದೆ, ಆದರೆ ಸೂಜಿಯ ಕೆಲಸ ಒಂದಿಷ್ಟೂ ಇಲ್ಲ; ಎಲ್ಲವೂ ಹೆಚ್ಚುವರಿ ಹೊಕ್ಕಿನಿಂದ ಮೂಡಿದ ಚಿತ್ತಾರ.

ನಡಿಗೆಯ ದಾರಿಗಳು

ಭೂತಾನಿನ ಅತಿ ಎತ್ತರದ ಗಂಗ್‌ಖಾರ್ ಪುಯೆನ್ಸುಮ್ (7,570 ಮೀಟರ್) ಈವರೆಗೆ ಯಾರೂ ಹತ್ತದ ಶಿಖರ. ಬೆಟ್ಟಗಳು ದೇವತೆಗಳ ನೆಲೆಯೆಂಬ ಜನರ ನಂಬಿಕೆಗೆ ಮನ್ನಣೆ ಕೊಟ್ಟು 1994ರಲ್ಲಿ 6,000 ಮೀಟರಿಗಿಂತ ಎತ್ತರದ ಆರೋಹಣವನ್ನೂ 2003ರಲ್ಲಿ ಪರ್ವತಾರೋಹಣವನ್ನೇ ಪೂರ್ತಿಯಾಗಿಯೂ ನಿಷೇಧಿಸಲಾಯಿತು. ಎವರೆಸ್ಟ್ ಹತ್ತಲು ಬರುವವರಿಂದ ನೇಪಾಳ ಪಡೆಯುವ ಆದಾಯ ಕಣ್ಣೆದುರೇ ಇದ್ದರೂ ಭೂತಾನ್ ಈ ಮಾತಿನಿಂದ ಹಿಂದೆ ಸರಿದಿಲ್ಲ. ಕಣಿವೆಮಾರ್ಗಗಳಲ್ಲಿ ಚಾರಣಕ್ಕೆ ಅಡ್ಡಿಯಿಲ್ಲ. ವಾರಗಟ್ಟಲೆ ನಡೆಯಬೇಕಾದ ಲುನಾನಾದ ಸ್ನೋಮ್ಯಾನ್ ಚಾರಣ ಜಗತ್ತಿನ ಕಠಿಣ ಚಾರಣಗಳಲ್ಲೊಂದು. ಹಿಂದೆ ಅಂಚೆಯವರೂ ಯಾತ್ರಿಕರೂ ನಡೆಯುತ್ತಿದ್ದ, ಪಶ್ಚಿಮದ ‘ಹಾ’ ಎಂಬಲ್ಲಿಂದ ಪೂರ್ವದ ಟ್ರಾಶಿಗಾಂಗ್‌ವರೆಗಿನ 403 ಕಿಲೋಮೀಟರಿನ ಹಳೆಯ ದಾರಿಯನ್ನು ಸರಿಪಡಿಸಿ ‘ಟ್ರಾನ್ಸ್ ಭೂತಾನ್ ಟ್ರೇಲ್’ ಎಂದು 2022ರಲ್ಲಿ ಮತ್ತೆ ತೆರೆಯಲಾಗಿದೆ.

ಭಾರತೀಯ ಪ್ರವಾಸಿಗರು

ಭಾರತ, ಬಾಂಗ್ಲಾದೇಶ, ಮಾಲ್ಡೀವ್ಸ್ ಪ್ರಜೆಗಳಿಗೆ ಬಹುಕಾಲ ಈ ಯಾವ ದರವೂ ಇರಲಿಲ್ಲ. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ತೋರಿಸಿ ಪರವಾನಗಿ ಪಡೆದರೆ ಸಾಕು. ಬಾಗ್ದೋಗ್ರಾಕ್ಕೆ ಹಾರಿ, ಅಲ್ಲಿಂದ ಜೈಗಾಂವ್-ಫುಂಟ್ಶೋಲಿಂಗ್ ದ್ವಾರದವರೆಗೆ ರಸ್ತೆಯಲ್ಲಿ ಹೋಗಿ ಒಳಸೇರುವುದು ಬೆಂಗಳೂರಿನವರೂ ಸೇರಿ ಹೆಚ್ಚಿನವರ ದಾರಿ. 2019ರಲ್ಲಿ ಬಂದ ಒಟ್ಟು 3,15,599 ಪ್ರವಾಸಿಗರಲ್ಲಿ ಡಾಲರ್ ದರ ತೆತ್ತವರು 72 ಸಾವಿರದಷ್ಟು. ಉಳಿದವರೆಲ್ಲ ನೆರೆಯ ಈ ಮೂರು ದೇಶಗಳವರು, ಅವರಲ್ಲೂ ಬಹುಪಾಲು ಭಾರತೀಯರು. ‘ಕಡಿಮೆ ಸಂಖ್ಯೆ’ಯ ಸೂತ್ರ ಆ ಹೊತ್ತಿಗೆ ಹೆಸರಿಗಷ್ಟೇ ಉಳಿದಿತ್ತು. ಅದೇ ವರ್ಷ ಭಾರತದ ಬೈಕ್ ಪ್ರವಾಸಿಯೊಬ್ಬ ದೋಚುಲಾದ ಪವಿತ್ರ ಚೋರ್ಟೆನ್ ಮೇಲೆ ಏಣಿಯಿಟ್ಟು ಹತ್ತಿ ನಿಂತ ಚಿತ್ರ ಹರಡಿದಾಗ ಭೂತಾನಿಗರಿಗಾದ ನೋವು ದೊಡ್ಡದು. ನೆರೆಯವರಿಗೂ ಶುಲ್ಕ ಬೇಕೆಂಬ ಮಾತಿಗೆ ಬಲ ಬಂತು. ರಾತ್ರಿಗೆ 1,200 ರೂಪಾಯಿ ಶುಲ್ಕದ ಕಾನೂನು 2020ರ ಆರಂಭದಲ್ಲಿ ಅಂಗೀಕಾರವಾಯಿತು. ಅಷ್ಟರಲ್ಲಿ ಮಾರ್ಚ್ ತಿಂಗಳಲ್ಲಿ ಕೋವಿಡ್ ಬಂದು ದೇಶವೇ ಬಾಗಿಲು ಹಾಕಿತು. 1,200 ರೂಪಾಯಿ ನ್ಯಾಯವಾದ ಮೊತ್ತವೇ. ಉಳಿದ ದೇಶದವರು ಕಟ್ಟುವುದರ ಮುಂದೆ ಅದು ಅಲ್ಪ. ಆದರೂ ಐದಾರು ಮಂದಿಯ ಮಧ್ಯಮ ವರ್ಗದ ಕುಟುಂಬಕ್ಕೆ ವಾರದ ಪ್ರವಾಸದಲ್ಲಿ ಅದು ಹೊರೆಯಾಗುವುದು ನಿಜ.

ಕೋವಿಡ್ ನಂತರ

ಎರಡೂವರೆ ವರ್ಷದ ಬಳಿಕ, 2022ರ ಸೆಪ್ಟೆಂಬರ್ 23ರಂದು ಭೂತಾನ್ ಮತ್ತೆ ತೆರೆಯಿತು. ಹಳೆಯ ಕನಿಷ್ಠ ಪ್ಯಾಕೇಜ್ ಪದ್ಧತಿ ರದ್ದಾಗಿತ್ತು. ‘ಸುಸ್ಥಿರ ಅಭಿವೃದ್ಧಿ ಶುಲ್ಕ’ ಎಂಬ ಹೆಸರಿನ ಸರ್ಕಾರದ ಪಾಲು 65ರಿಂದ 200 ಡಾಲರಿಗೆ ಜಿಗಿದಿತ್ತು. ಹೋಟೆಲು, ಊಟ, ಕಾರಿನ ಖರ್ಚು ಅದಕ್ಕೆ ಹೊರತು. ಈ ಬದಲಾವಣೆಯ ಏಟು ಬಿದ್ದದ್ದು ಯಾರಿಗೆಂದು ನೋಡಬೇಕು. ರಾತ್ರಿಗೆ ಒಂದೂವರೆ ಸಾವಿರ ಡಾಲರ್ ಕೊಡುವವನಿಗೆ ಇನ್ನು 135 ಡಾಲರ್ ಲೆಕ್ಕಕ್ಕಿಲ್ಲ. 250 ಡಾಲರಿನಲ್ಲಿ ಎಲ್ಲ ಮುಗಿಯುತ್ತಿದ್ದ ನಿವೃತ್ತ ಶಿಕ್ಷಕ, ಚಾರಣಿಗ, ಬೌದ್ಧ ಯಾತ್ರಿಕನಿಗೆ ಖರ್ಚು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅವರು ಬರಲಿಲ್ಲ. ಅವರನ್ನೇ ನಂಬಿದ್ದ ಮೂರು ತಾರೆಯ ಹೋಟೆಲುಗಳು, ಸ್ಥಳೀಯ ಪ್ರವಾಸ ಸಂಸ್ಥೆಗಳು, ಮಾರ್ಗದರ್ಶಿಗಳು ಕೈಕಟ್ಟಿ ಕೂರುವಂತಾಯಿತು. ಹೆಚ್ಚಿನ ದಿನ ಇರುವ ಚಾರಣಿಗರಿಗಂತೂ ರಾತ್ರಿಗೊಮ್ಮೆ ಏರುವ ಶುಲ್ಕ ಕೈಗೆಟುಕದಾಯಿತು. 2023ರ ಜೂನ್‌ನಲ್ಲಿ ನಾಲ್ಕು ರಾತ್ರಿಗೆ ಕಟ್ಟಿದವರಿಗೆ ಇನ್ನೂ ನಾಲ್ಕು ರಾತ್ರಿ ಉಚಿತವೆಂಬ ಬಗೆಯ ಉತ್ತೇಜನ ಪ್ರಕಟವಾಯಿತು. ಅದೂ ಸಾಲದೆ ಅದೇ ಸೆಪ್ಟೆಂಬರ್‌ನಿಂದ ಶುಲ್ಕವನ್ನು ಅರ್ಧಕ್ಕಿಳಿಸಿ 100 ಡಾಲರ್ ಮಾಡಲಾಯಿತು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅದರಲ್ಲೂ ಅರ್ಧ. ಅದಕ್ಕಿಂತ ಚಿಕ್ಕವರಿಗೆ ಇಲ್ಲ. 2023ರಲ್ಲಿ ಪ್ರವಾಸಿಗರ ಸಂಖ್ಯೆ ಒಂದು ಲಕ್ಷ ದಾಟಿತು, ಕೋವಿಡ್ ಪೂರ್ವದ ಮೂರನೇ ಒಂದು ಪಾಲು.

ಬೆಲೆಯೊಂದರಿಂದಲೇ ಪ್ರವಾಸವನ್ನು ಹದ್ದುಬಸ್ತಿನಲ್ಲಿಡುವುದರ ಮಿತಿ ಇಲ್ಲಿ ಕಾಣುತ್ತದೆ. ಬೆಲೆ ಜನಸಂದಣಿ ತಡೆಯುತ್ತದೆ. ಹಣ ಎಲ್ಲಿ ಹಂಚಿಹೋಗಬೇಕೆಂಬುದನ್ನು ಅದು ತೀರ್ಮಾನಿಸಲಾರದು. ಪಾರೋ, ಥಿಂಫು, ಪುನಾಖಾ ಈ ಮೂರರಲ್ಲೇ ಪ್ರವಾಸಿಗರ ಹೆಚ್ಚಿನ ಖರ್ಚು ಆಗಿಹೋಗುತ್ತದೆ. ಪೂರ್ವದ ಜಿಲ್ಲೆಗಳಿಗೆ, ನೇಯ್ಗೆಯ ಖೋಮಾದಂಥ ಹಳ್ಳಿಗಳಿಗೆ ತಲುಪುವುದು ಸ್ವಲ್ಪ. ಹೋಟೆಲು ಕೆಲಸ ಕಲಿತ ಯುವಕರು ದೊಡ್ಡ ಸಂಖ್ಯೆಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿರುವುದು ಇತ್ತೀಚಿನ ವರ್ಷಗಳ ದೊಡ್ಡ ಚಿಂತೆ. ಸಂತೋಷದ ನಾಡೆಂಬ ಪ್ರಚಾರದ ಚಿತ್ರದಲ್ಲಿ ಕಾಣದ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ‘ಒಟ್ಟು ರಾಷ್ಟ್ರೀಯ ಸಂತೋಷ’ದ ಮಾತು ಹುಟ್ಟಿದ ಈ ದೇಶದಿಂದಲೇ 1990ರ ದಶಕದ ಆರಂಭದಲ್ಲಿ ದಕ್ಷಿಣದ ನೇಪಾಳಿ ಭಾಷಿಕ ಲ್ಹೋತ್ಶಂಪಾ ಸಮುದಾಯದ ಸುಮಾರು ಒಂದು ಲಕ್ಷ ಜನ ನೆಲೆ ಕಳೆದುಕೊಂಡು ನೇಪಾಳದ ಶಿಬಿರಗಳನ್ನು ಸೇರಿದರು, ಅವರಲ್ಲಿ ಬಹುಪಾಲು ಜನರಿಗೆ ಮುಂದೆ ಅಮೆರಿಕ ಮೊದಲಾದ ದೇಶಗಳಲ್ಲಿ ಪುನರ್ವಸತಿ ದೊರೆಯಿತು.

ಅಸ್ಸಾಂ ಗಡಿಯ ಗೆಲೆಫುವಿನಲ್ಲಿ ‘ಮೈಂಡ್‌ಫುಲ್‌ನೆಸ್ ಸಿಟಿ’ ಎಂಬ ಹೊಸ ನಗರವನ್ನು ಕಟ್ಟುವುದಾಗಿ ದೊರೆ 2023ರ ಡಿಸೆಂಬರ್ 17ರಂದು ಸಾರಿದರು. ಡೆನ್ಮಾರ್ಕಿನ ವಾಸ್ತುಶಿಲ್ಪಿ ಬ್ಯಾರ್ಕೆ ಇಂಗೆಲ್ಸ್‌ರ ಸಂಸ್ಥೆ ಅದರ ನಕ್ಷೆ ಮಾಡಿದೆ. ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೂ ಯೋಜನೆಯ ಭಾಗ. ಬಯಲಿಗೆ ಹತ್ತಿರದ ಈ ನಿಲ್ದಾಣ ಬಂದರೆ ಪಾರೋದ ಇಕ್ಕಟ್ಟಿನ ಓಡುದಾರಿ ಇಷ್ಟು ದಿನ ತಾನಾಗಿ ಹಾಕುತ್ತಿದ್ದ ಲಗಾಮು ಸಡಿಲವಾಗುತ್ತದೆ, ದಕ್ಷಿಣದ ಜಿಲ್ಲೆಗಳಿಗೂ ಪ್ರವಾಸಿಗರು ಸಿಗುತ್ತಾರೆ. ಈಗಿನ 100 ಡಾಲರ್ ಶುಲ್ಕ 2027ರ ಆಗಸ್ಟ್ 31ರವರೆಗೆ ಜಾರಿಯಲ್ಲಿರುತ್ತದೆಂದು ಸರ್ಕಾರ ಪ್ರಕಟಿಸಿದೆ.